ಮಗಳು ನುಡಿಸಿದ್ದು ನನಗೂ ಹಿಡಿಸಲಿಲ್ಲ

ಪತ್ರ:



ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲ್ ಕನ್ನಡ ಟೀಚರ್. ವಯಸ್ಸು ಐವತ್ತೊಂದು. ಒಬ್ಬಳೇ ಮಗಳು, ಹಾಸನದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಾಳೆ. ನಾವು ಮೈಸೂರಿನಲ್ಲಿದ್ದಾಗ ಏಳನೇ ವಯಸ್ಸಿಗೆ ಅವಳನ್ನು ಪಿಯಾನೊ ಕ್ಲಾಸಿಗೆ ಸೇರಿಸಿದ್ದೆವು. ಪಕ್ಕದ ಮನೆಯ ಮಗು ಹೋಗುತ್ತಿತ್ತು, ಇವಳೂ ಹಟ ಹಿಡಿದಳು, ಅಷ್ಟೆ. ಆ ಮಗು ಬಿಟ್ಟಿತು, ಇವಳು ಬಿಡಲಿಲ್ಲ. ಟ್ರಿನಿಟಿ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿದಳು. ಇಲ್ಲಿಗೆ ವರ್ಗವಾಗಿ ಬಂದ ಮೇಲೂ ತಿಂಗಳಿಗೆರಡು ಭಾನುವಾರ ಮೈಸೂರಿಗೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದಳು. ಮನೆಯಲ್ಲಿ ಡಿಜಿಟಲ್ ಪಿಯಾನೊ ಇದೆ, ನನ್ನ ಒಂದು ಎರಿಯರ್ಸ್ ದುಡ್ಡಿನಲ್ಲಿ ತಂದದ್ದು.

ಎರಡು ತಿಂಗಳ ಹಿಂದೆ ಅರಕಲಗೂಡಿನಲ್ಲಿ ಭಾವನವರ ಹೊಸ ಮನೆಯ ಗೃಹಪ್ರವೇಶವಾಯಿತು. ನಮ್ಮ ಯಜಮಾನರ ಕಡೆಯವರೆಲ್ಲ ರುದ್ರಪಟ್ಟಣದ ಸುತ್ತಮುತ್ತಲಿನವರು. ಅವರಲ್ಲಿ ಹಾಡು ಬಾರದವರು ಕಡಿಮೆ. ಸಂಜೆ ಎಲ್ಲರೂ ಒಂದೊಂದು ಹಾಡುವುದು ರೂಢಿ. ಈ ಸಲ ಇವಳು ತಾನೂ ನುಡಿಸುತ್ತೇನೆಂದು ಪಿಯಾನೊವನ್ನು ಕಾರಿನ ಹಿಂದಿನ ಸೀಟಿಗೆ ಹೊದಿಕೆ ಸುತ್ತಿ ತಂದಳು. ಮೆಟ್ನರ್ ಎಂಬ ರಷ್ಯಾದವನೊಬ್ಬನ ಸೊನಾಟ ಅಂತೆ. ನುಡಿಸುವ ಮೊದಲು ಮೈಸೂರು ಮಹಾರಾಜರ ಬಗ್ಗೆ ಏನೋ ಹೇಳಲು ಹೋದಳು, ತಟ್ಟೆ ಲೋಟಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಹದಿನೈದು ನಿಮಿಷದ ಹತ್ತಿರ ನುಡಿಸಿದಳು. ಐದು ನಿಮಿಷಕ್ಕೆ ಇಬ್ಬರು ಕಾಫಿಗೆ ಎದ್ದರು. ಹತ್ತು ನಿಮಿಷಕ್ಕೆ ನಮ್ಮ ಓರಗಿತ್ತಿ ನನ್ನ ಕಿವಿಯಲ್ಲಿ ಸೀರೆಯ ವಿಷಯ ತೆಗೆದರು. ಮುಗಿದಾಗ ಯಾರೂ ಒಂದು ಮಾತೂ ಆಡಲಿಲ್ಲ. ಆಮೇಲೆ ನಮ್ಮ ದೊಡ್ಡಮಾವ (ಯಜಮಾನರ ದೊಡ್ಡಪ್ಪ, ಎಂಬತ್ತು ದಾಟಿದವರು, ಇವತ್ತಿಗೂ ಬೆಳಿಗ್ಗೆ ಎದ್ದು ತಂಬೂರಿ ಮೀಟುವವರು) "ಪುಟ್ಟಿ, ಇದು ಯಾವ ರಾಗನಮ್ಮ?" ಅಂದರು. ಉಳಿದವರೆಲ್ಲ ಗೊಳ್ಳೆಂದು ನಕ್ಕರು. ಹುಡುಗನೊಬ್ಬ "ಅಕ್ಕ, ಒಂದು ಸಿನಿಮಾ ಹಾಡು ಬಾರ್ಸು" ಅಂದ. ಇವಳು ಪಿಯಾನೊದ ವೈರು ಕಿತ್ತು ಸುತ್ತಿಟ್ಟಳು.

ಅವತ್ತಿನಿಂದ ಅದನ್ನು ಮುಟ್ಟಿಲ್ಲ. ಮೈಸೂರಿಗೂ ಹೋಗಿಲ್ಲ. ಯಜಮಾನರು "ಯಾರೂ ಕೇಳದ್ದನ್ನ ಕಲಿತು ಏನು ಮಾಡೋದು, ಅದನ್ನ ಮಾರಿಬಿಡೋಣ" ಅಂತಾರೆ. ನನ್ನ ತಂಗಿ ಚನ್ನರಾಯಪಟ್ಟಣದಲ್ಲಿದ್ದಾಳೆ, ಅವಳೊಬ್ಬಳು ಮಾರನೆಯ ವಾರ ಫೋನ್ ಮಾಡಿ, "ಆ ಮಗು ಶುರುವಿನಲ್ಲಿ ನುಡಿಸಿದ್ದು ಇನ್ನೂ ತಲೇಲಿ ಸುತ್ತುತ್ತಾ ಇದೆ ಕಣೇ, ಅಕ್ಕಿ ಆರಿಸುವಾಗಲೂ ಬರತ್ತೆ" ಅಂದಳು. ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಂಡು ನಾನು ಮಗಳಿಗೆ ಹೇಳಲಿಲ್ಲ.

ಮೇಡಂ, ನನ್ನ ನಿಜವಾದ ಸಂಕಟ ಬೇರೆಯೇ ಇದೆ. ಅವತ್ತು ಆ ಸಂಗೀತ ನನಗೂ ಹಿಡಿಸಲಿಲ್ಲ. ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದೇ ತಿಳಿಯಲಿಲ್ಲ. ಕಾರಿನಲ್ಲಿ ಬರುವಾಗ "ತುಂಬ ಚೆನ್ನಾಗಿತ್ತು ಪುಟ್ಟಿ" ಅಂದೆ. ಅವಳು ಕಿಟಕಿಯ ಕಡೆ ತಿರುಗಿದಳು. ನಾನು ಸುಳ್ಳು ಹೇಳಿದ್ದು ಅವಳಿಗೆ ಗೊತ್ತಾಗಿದೆ. ಹದಿನಾಲ್ಕು ವರ್ಷ ಪಾಠಕ್ಕೆ ಕರೆದುಕೊಂಡು ಹೋದ ತಾಯಿಯೇ ಮಗಳ ಸಂಗೀತ ಇಷ್ಟಪಡದಿದ್ದರೆ ಹೇಗೆ? ಹೇಳಿಬಿಡಲೇ? ಎಲ್ಲರಿಗೂ ಇಷ್ಟವಾಗುವಂಥದ್ದು ನುಡಿಸು ಎನ್ನಲೇ?

ಹೆಸರು ಬೇಡ, ಹೊಳೆನರಸೀಪುರ

ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಚನ್ನರಾಯಪಟ್ಟಣದ ನಿಮ್ಮ ತಂಗಿಯ ಮಾತು ನನಗೆ ಸರಿಯಾಗಿ ಕೇಳಿಸಿದ್ದು ಮೂರನೆಯ ಸಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ವಿಚಾರಣೆ. ಮಗಳು ಊಟ, ನಿದ್ದೆ, ಕಾಲೇಜು, ಸ್ನೇಹಿತೆಯರ ಜೊತೆ ಮಾತುಕತೆ ಎಲ್ಲವನ್ನೂ ಎಂದಿನಂತೆ ನಡೆಸುತ್ತಿದ್ದಾಳೆಯೆ? ಪಿಯಾನೊ ಒಂದನ್ನೇ ಬಿಟ್ಟಿದ್ದರೆ ಅದು ನೋವು, ಕಾಯಿಲೆಯಲ್ಲ. ಎಲ್ಲದರಿಂದಲೂ ಹಿಂದೆ ಸರಿದಿದ್ದರೆ, ರಾತ್ರಿ ನಿದ್ದೆ ಕೆಟ್ಟಿದ್ದರೆ, ಬದುಕೇ ಬೇಡವೆಂಬ ಮಾತು ಬಂದರೆ ನನ್ನ ಉತ್ತರವನ್ನು ಬದಿಗಿಟ್ಟು ಹಾಸನದಲ್ಲಿ ಮನೋವೈದ್ಯರನ್ನು ಕಾಣಿರಿ. 14416 ಟೆಲಿ ಮಾನಸ್ ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ನಿಮ್ಮ ಪತ್ರದ ಧಾಟಿ ನೋಡಿದರೆ ವಿಷಯ ಅಲ್ಲಿಗೆ ಹೋಗಿಲ್ಲ ಅನಿಸುತ್ತದೆ. ಆದರೂ ಕೇಳುವುದು ನನ್ನ ಕರ್ತವ್ಯ.

ಈಗ ನಿಮ್ಮ ಸಂಕಟ. ಮಗಳ ಸಂಗೀತ ಹಿಡಿಸದೇ ಹೋದದ್ದು ತಪ್ಪಲ್ಲ. ಹಿಡಿಸಿತು ಎಂದದ್ದು ತಪ್ಪು. ನೀವು ಕನ್ನಡ ಪಾಠ ಮಾಡುವವರು. ಹಳಗನ್ನಡದ ಪದ್ಯವೊಂದನ್ನು ಮೊದಲ ದಿನ ಓದಿ ಹೇಳಿದಾಗ ಮಕ್ಕಳ ಮುಖ ಹೇಗಿರುತ್ತದೆಂದು ಬಲ್ಲವರು. ಆ ಮಕ್ಕಳಲ್ಲೊಬ್ಬ ಎದ್ದು "ತುಂಬ ಚೆನ್ನಾಗಿದೆ ಮಿಸ್" ಎಂದರೆ ನಿಮಗೆ ಸಂತೋಷವಾಗುವುದಿಲ್ಲ, ಇವನಿಗೆ ಏನೂ ತಲೆಗೆ ಹೋಗಿಲ್ಲ ಎಂದೇ ಗೊತ್ತಾಗುತ್ತದೆ. "ಮಿಸ್, ಎರಡನೇ ಸಾಲು ತಿಳೀಲಿಲ್ಲ" ಎಂದವನ ಹತ್ತಿರ ನೀವು ಹೋಗಿ ನಿಲ್ಲುತ್ತೀರಿ. ಅವತ್ತು ಕಾರಿನಲ್ಲಿ ಮಗಳು ನಿಮ್ಮಿಂದ ಅಂಥ ಒಂದು ಮಾತಿಗೆ ಕಾಯುತ್ತಿದ್ದಳು. ಸುಳ್ಳು ಹೊಗಳಿಕೆ ಬಂದಾಗ ಸಂಜೆಯ ಆ ಕೂಟದಲ್ಲಿ ತಾನು ಒಬ್ಬಂಟಿಯಾಗಿದ್ದೆ ಎಂಬುದು ಅವಳಿಗೆ ಖಚಿತವಾಯಿತು. ಅದಕ್ಕೇ ಕಿಟಕಿಯ ಕಡೆ ತಿರುಗಿದ್ದು.

ಹಾಗಾದರೆ ಹೇಳಿಬಿಡಲೇ ಎಂದು ಕೇಳಿದ್ದೀರಿ. ಹೇಳಿ. ಆದರೆ ಹಿಡಿಸಲಿಲ್ಲ ಎಂದು ಹೇಳಿ ಎದ್ದುಹೋಗುವ ಮಾತು ಬೇಡ. ಪಕ್ಕದಲ್ಲಿ ಕೂತು ಹೇಳುವ ಮಾತು ಬೇಕು. ಅದರ ವಿವರಕ್ಕೂ ಬರುತ್ತೇನೆ. ಅದಕ್ಕೆ ಮುಂಚೆ ಅವತ್ತು ಅರಕಲಗೂಡಿನ ಹಜಾರದಲ್ಲಿ ನಿಜವಾಗಿ ನಡೆದದ್ದೇನು ಎಂಬುದನ್ನು ನಾವಿಬ್ಬರೂ ನೋಡಬೇಕು. ಮಗಳು ಅದನ್ನು ಅವಮಾನ ಎಂದು ಓದಿಕೊಂಡಿದ್ದಾಳೆ, ನೀವೂ ಹಾಗೇ ಓದಿಕೊಂಡಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ.

ನಿಮ್ಮ ಮನೆತನದ ಕಿವಿ ಎಂಥದು? ರುದ್ರಪಟ್ಟಣವೆಂದರೆ ಕಾವೇರಿಯ ದಡದ ಒಂದು ಸಣ್ಣ ಊರು. ಆ ಊರು ಆರ್.ಕೆ. ಶ್ರೀಕಂಠನ್ ಅವರನ್ನು ಕೊಟ್ಟಿತು, ರುದ್ರಪಟ್ಟಣಂ ಸಹೋದರರನ್ನು ಕೊಟ್ಟಿತು, ಆರ್.ಕೆ. ಪದ್ಮನಾಭ ಅವರನ್ನು ಕೊಟ್ಟಿತು. ಸಪ್ತಸ್ವರಗಳನ್ನೇ ದೇವತೆಗಳೆಂದು ಕೂರಿಸಿ, ತಂಬೂರಿಯ ಆಕಾರದಲ್ಲಿ ಮಂದಿರ ಕಟ್ಟಿಕೊಂಡ ಊರು. ಅಲ್ಲಿಯವರಿಗೆ ಷಡ್ಜವೆಂದರೆ ನೆಲ. ತಂಬೂರಿ ಅದನ್ನು ಒಂದು ಕ್ಷಣವೂ ಬಿಡದೆ ಹಿಡಿದಿರುತ್ತದೆ. ಹಾಡುವವರು ಎಲ್ಲಿಗೆ ಹೋದರೂ ಆ ನೆಲದ ಮೇಲೇ ನಡೆಯುತ್ತಾರೆ. ಸ್ವರದಿಂದ ಸ್ವರಕ್ಕೆ ಹೋಗುವಾಗ ನಡುವಿನ ಜಾರುಗಳಲ್ಲಿ, ಕಂಪನಗಳಲ್ಲಿ ರಾಗ ಉಸಿರಾಡುತ್ತದೆ.

ನಿಮ್ಮ ಮಗಳ ವಾದ್ಯದಲ್ಲಿ 88 ಕೀಗಳಿವೆ. ಎರಡು ಕೀಗಳ ನಡುವೆ ಏನೂ ಇಲ್ಲ. ಗಮಕಕ್ಕೆ ಅಲ್ಲಿ ಜಾಗವೇ ಇಲ್ಲ. ಅದಕ್ಕೆ ಬದಲಾಗಿ ಆ ಸಂಗೀತ ಬೇರೊಂದು ಸಂಪತ್ತನ್ನು ಕೂಡಿಸಿಕೊಂಡಿದೆ. ಹತ್ತು ಬೆರಳುಗಳು ಒಂದೇ ಗಳಿಗೆಯಲ್ಲಿ ಬೇರೆಬೇರೆ ಸ್ವರ ನುಡಿಸುತ್ತವೆ, ಬಲಗೈ ಒಂದು ಮಾತು ಹೇಳುವಾಗ ಎಡಗೈ ಮತ್ತೊಂದು ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೆಲವೇ ಸರಿಯುತ್ತದೆ. ಎ ಮೈನರ್‌ನಲ್ಲಿ ಶುರುವಾದದ್ದು ನಾಲ್ಕು ನಿಮಿಷದಲ್ಲಿ ಇನ್ನೊಂದು ಷಡ್ಜಕ್ಕೆ ಹೋಗಿ ಕೂತಿರುತ್ತದೆ. ನಮ್ಮಲ್ಲಿ ಗ್ರಹಭೇದ ಎಂದು ವಿದ್ವಾಂಸರು ಕಛೇರಿಯಲ್ಲಿ ಎಲ್ಲೋ ಒಮ್ಮೆ ಚಮತ್ಕಾರವಾಗಿ ತೋರಿಸುತ್ತಾರಲ್ಲ, ಆ ಸಂಗೀತದಲ್ಲಿ ಷಡ್ಜ ಸರಿಯುವುದು ಎಂದಿನ ನಡಿಗೆ. ಎಂಬತ್ತು ವರ್ಷ ಒಂದೇ ಷಡ್ಜದ ಮೇಲೆ ಬಾಳಿದ ಕಿವಿಗೆ ಇದು ತೆಪ್ಪದ ಮೇಲೆ ನಿಂತ ಹಾಗಿರುತ್ತದೆ. ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ತಿಳಿಯಲಿಲ್ಲ ಎಂದು ನೀವು ಬರೆದದ್ದೂ ಇದನ್ನೇ. ನಿಮ್ಮ ಕಿವಿ ಸರಿಯಾಗಿಯೇ ಕೆಲಸ ಮಾಡಿದೆ.

ಇನ್ನು ಎದ್ದುಹೋದವರ ವಿಷಯ. ನಮ್ಮ ಕಛೇರಿಗಳಲ್ಲಿ ತನಿ ಆವರ್ತನಕ್ಕೆ ಎದ್ದು ಕಾಫಿಗೆ ಹೋಗುವ ಅಭ್ಯಾಸ ಇದೆ. ಒಳ್ಳೆಯ ಅಭ್ಯಾಸವಲ್ಲ, ಮೃದಂಗದವರು ನೂರು ವರ್ಷದಿಂದ ನೊಂದುಕೊಂಡು ಸಹಿಸಿದ್ದಾರೆ. ಆದರೆ ಅದೇ ಜನ ಕೂತಿದ್ದಾಗ ತಲೆದೂಗುತ್ತಾರೆ, ತೊಡೆಯ ಮೇಲೆ ತಾಳ ಹಾಕುತ್ತಾರೆ, ಚೆನ್ನಾಗಿ ಬಂದ ಕಡೆ ಭೇಷ್ ಎನ್ನುತ್ತಾರೆ. ಪಿಯಾನೊ ಕೇಳುವ ಸಭೆಗಳಲ್ಲಿ ಇದೆಲ್ಲ ಇಲ್ಲ. ಕೆಮ್ಮು ಬಂದರೂ ತಡೆದುಕೊಂಡು, ಪೂರ್ತಿ ಮುಗಿದ ಮೇಲೆ ಒಟ್ಟಿಗೆ ಚಪ್ಪಾಳೆ ತಟ್ಟುತ್ತಾರೆ. ನಿಮ್ಮ ನೆಂಟರಿಗೆ ತಾಳ ಹಾಕಲು ಹಿಡಿ ಸಿಗಲಿಲ್ಲ, ಭೇಷ್ ಎನ್ನಲು ಜಾಗ ಯಾವುದೆಂದು ಗೊತ್ತಾಗಲಿಲ್ಲ, ಚಪ್ಪಾಳೆ ಅವರ ಮನೆಯ ರೂಢಿಯಲ್ಲ. ಅವರ ಕೈ ಕಟ್ಟಿಹಾಕಿದಂತಾಯಿತು. ಆ ಮೌನದಲ್ಲಿ ತಿರಸ್ಕಾರಕ್ಕಿಂತ ಹೆಚ್ಚಾಗಿ ಮುಜುಗರವಿತ್ತು ಎಂದು ನನ್ನ ಎಣಿಕೆ.

ಮಗಳ ಕಡೆಯಿಂದಲೂ ಒಂದು ಲೆಕ್ಕ ತಪ್ಪಿದೆ. ಪ್ರೀತಿಯಿಂದಲೇ ಹೇಳುತ್ತೇನೆ, ಅವಳಿಗೆ ಓದಿ ಹೇಳಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಮ ಮುಗಿಸಿ, ಹೋಳಿಗೆ ಊಟ ಮಾಡಿದ ಜನ. ಪರದೆ, ಜಮಖಾನ ಇನ್ನೂ ಬಾರದ ಹೊಸ ಮನೆಯ ಬೋಳು ಹಜಾರ. ಅಂಥ ಕಡೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಒಂದು ಸ್ವರ ಆರುವುದರೊಳಗೆ ಇನ್ನೊಂದು ಅದರ ಮೇಲೆ ಬೀಳುತ್ತದೆ. ಪೆಡಲ್ ಒತ್ತಿ ನುಡಿಸುವ ಪಿಯಾನೊಗೆ ಇದು ದೊಡ್ಡ ಹಾನಿ. ಮೇಲೆ ಫ್ಯಾನು, ಅಡಿಗೆಮನೆಯಲ್ಲಿ ಪಾತ್ರೆ. ಅವಳು ಆರಿಸಿಕೊಂಡ ಕೃತಿಯಾದರೋ ಪಿಸುಮಾತಿನಲ್ಲಿ ಶುರುವಾಗುವಂಥದು. ಹದಿನೈದು ನಿಮಿಷ ಎಂದೂ ಮೆಟ್ನರ್ ಎಂದೂ ನೀವು ಬರೆದ ಮೇಲೆ ಅದು ‘ಸೊನಾಟಾ ರೆಮಿನಿಶೆಂಜಾ’ ಇರಬಹುದು ಎಂದುಕೊಂಡೆ. ನೆನಪಿನ ಸೊನಾಟ ಎಂದು ಹೇಳಬಹುದು. ತಪ್ಪಿದ್ದರೆ ಮಗಳು ತಿದ್ದಲಿ. ಅದು ನಿಶ್ಶಬ್ದ ಬೇಡುವ ಸಂಗೀತ. ಗೃಹಪ್ರವೇಶದ ಸಂಜೆಯಲ್ಲಿ ಸೋತದ್ದು ಆ ಹೊತ್ತು ಮತ್ತು ಆ ಜಾಗ. ಅವಳ ಹದಿನಾಲ್ಕು ವರ್ಷದ ಕಲಿಕೆ ಅಲ್ಲಿ ಪರೀಕ್ಷೆಗೇ ಬರಲಿಲ್ಲ.

ಈಗ, ಅವಳು ಹೇಳಲು ಹೋಗಿ ಯಾರಿಗೂ ಕೇಳಿಸದೇ ಹೋದ ಮಹಾರಾಜರ ಮಾತು. ಅದನ್ನು ನಾನು ಹೇಳುತ್ತೇನೆ, ಏಕೆಂದರೆ ನಿಮ್ಮ ಯಜಮಾನರ ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ.

ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ದೊಡ್ಡ ಪಿಯಾನೊ ವಾದಕ. ಕ್ರಾಂತಿಯ ನಂತರ 1921ರಲ್ಲಿ ದೇಶ ಬಿಟ್ಟರು. ಜರ್ಮನಿ, ಫ್ರಾನ್ಸ್ ಸುತ್ತಿ 1930ರ ದಶಕದ ನಡುವಿನಲ್ಲಿ ಲಂಡನ್ನಿಗೆ ಬಂದು ನೆಲೆಸಿದರು. ಸಂಗೀತದ ಲೋಕ ಆಗ ಹೊಸ ಪ್ರಯೋಗಗಳ ಕಡೆ ಓಡುತ್ತಿತ್ತು, ಇವರು ಹಳೆಯ ದಾರಿಯನ್ನೇ ಹಿಡಿದು ನಿಂತರು. ಗೆಳೆಯ ರಾಖ್ಮನಿನಾಫ್ ಜಗತ್ತೆಲ್ಲ ಹೆಸರಾದರು, ತಮ್ಮ ನಾಲ್ಕನೆಯ ಪಿಯಾನೊ ಕಂಚೆರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದರು. ಆದರೂ ಮೆಟ್ನರ್ ಸಂಗೀತಕ್ಕೆ ಕೇಳುಗರು ಬೆರಳೆಣಿಕೆಯಷ್ಟೇ. ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, ಪಾಠಕ್ಕೆ ಬರುವವರು ಕಡಿಮೆಯಾದರು, ಹೃದಯದ ಕಾಯಿಲೆ ಬಂತು. ಎಡ್ನಾ ಐಲ್ಸ್ ಎಂಬ ಇಂಗ್ಲಿಷ್ ಪಿಯಾನೊ ವಾದಕಿ ಅವರನ್ನು ಹಳ್ಳಿಯ ಮನೆಗೆ ಕರೆದುಕೊಂಡು ಹೋಗಿ ನೋಡಿಕೊಂಡರು.

ಯುದ್ಧ ಮುಗಿದ ಮೇಲೆ ಈ ಮುದುಕನಿಗೆ ಮೈಸೂರಿನಿಂದ ನೆರವು ಬಂತು. ಜಯಚಾಮರಾಜ ಒಡೆಯರ್ ಆಗಿನ್ನೂ ಮೂವತ್ತು ದಾಟದವರು. ಚಿಕ್ಕಂದಿನಿಂದ ಪಿಯಾನೊ ಕಲಿತು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಲೈಸೆನ್ಶಿಯೇಟ್ ಪದವಿ ಪಡೆದವರು. ನಿಮ್ಮ ಮಗಳು ಪರೀಕ್ಷೆ ಬರೆದಳಲ್ಲ, ಅದೇ ಟ್ರಿನಿಟಿ. ಪಿಯಾನೊ ವಾದಕನಾಗಬೇಕೆಂಬ ಆಸೆ ಅವರಿಗಿತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿಯವರೂ ಒಂದೇ ವರ್ಷದಲ್ಲಿ ತೀರಿಕೊಂಡು, ಇಪ್ಪತ್ತೊಂದರ ಹುಡುಗನ ಮೇಲೆ ರಾಜ್ಯ ಬಿತ್ತು. ಇವರಿಗೆ ಮೆಟ್ನರ್ ಸಂಗೀತವೆಂದರೆ ಪ್ರಾಣ. ಮೆಟ್ನರ್ ಕೃತಿಗಳನ್ನು ಮೆಟ್ನರ್ ಕೈಯಿಂದಲೇ ನುಡಿಸಿ ರೆಕಾರ್ಡ್ ಮಾಡಿಸಬೇಕೆಂದು ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಸ್ಥಾಪಿಸಿ ಖರ್ಚು ವಹಿಸಿಕೊಂಡರು. ಎಚ್‌ಎಂವಿ ಆ ರೆಕಾರ್ಡುಗಳನ್ನು ಹೊರತಂದಿತು. ಆ ಕಾಲದ 78ರ ತಟ್ಟೆಗಳು, ಒಂದು ಮಗ್ಗುಲಿಗೆ ನಾಲ್ಕು ನಾಲ್ಕೂವರೆ ನಿಮಿಷ, ತುಂಡುತುಂಡಾಗಿಯೇ ನುಡಿಸಬೇಕು. ಕಾಯಿಲೆಯ ಹೃದಯ ಹೊತ್ತು ಆ ಮುದುಕರು ಮೂರೂ ಕಂಚೆರ್ಟೊಗಳನ್ನು ಫಿಲಾರ್ಮೋನಿಯಾ ಆರ್ಕೆಸ್ಟ್ರಾದ ಜೊತೆ ನುಡಿಸಿದರು. ತಮ್ಮ ಹಾಡುಗಳಿಗೆ ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಜೊತೆ ಪಿಯಾನೊ ನುಡಿಸಿದರು. ಮೂರನೆಯ ಕಂಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಆ ಕೈಗಳ ಸದ್ದು ಇವತ್ತು ನಮಗೆ ಉಳಿದಿದ್ದರೆ ಅದರ ದೊಡ್ಡ ಪಾಲು ನಮ್ಮ ಅರಮನೆಯ ಒಬ್ಬ ಕೇಳುಗನಿಂದ.

ಈ ಕಥೆ ಹೇಳಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಲಂಡನ್, ಬರ್ಲಿನ್, ಪ್ಯಾರಿಸ್ ಎಲ್ಲ ಬದಿಗಿಟ್ಟ ಸಂಗೀತವನ್ನು ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಒಬ್ಬರು ಪ್ರೀತಿಸಿದರು. ಇನ್ನೂ ಒಂದು ಮಾತು. ಅದೇ ಒಡೆಯರ್ ಅದೇ ವರ್ಷಗಳಲ್ಲಿ ಮೈಸೂರು ವಾಸುದೇವಾಚಾರ್ಯರಂಥವರ ಒಡನಾಟದಲ್ಲಿ ಕರ್ನಾಟಕ ಸಂಗೀತಕ್ಕೆ ಇಳಿದು, ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಅಠಾಣ ರಾಗದ ಗಣಪತಿಯ ಕೃತಿ ನಿಮ್ಮ ಮನೆಯ ಕೂಟಗಳಲ್ಲಿ ಎಷ್ಟು ಸಲ ಕೇಳಿಬಂದಿರುತ್ತದೋ ಏನೋ, ಅವತ್ತು ಸಂಜೆಯೂ ಯಾರೋ ಹಾಡಿರಬಹುದು. ಅದನ್ನು ಕಟ್ಟಿದವರಿಗೂ ಮೆಟ್ನರ್‌ನನ್ನು ಕಾಪಾಡಿದವರಿಗೂ ಇದ್ದದ್ದು ಒಂದೇ ಕಿವಿ. ಅವರ ತಂಗಿ ವಿಜಯಾದೇವಿಯವರೂ ವೀಣೆ, ಪಿಯಾನೊ ಎರಡನ್ನೂ ಕಲಿತವರು. 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿ ಎರಡೂ ಸಂಗೀತಕ್ಕೆ ವೇದಿಕೆ ಕೊಟ್ಟವರು. ಹಾಗಾಗಿ ನಿಮ್ಮ ಮಗಳು ಅರಕಲಗೂಡಿಗೆ ಹೊತ್ತು ತಂದದ್ದು ಪರದೇಶದ ವಸ್ತು ಎಂದು ನನಗೆ ಅನಿಸುವುದಿಲ್ಲ. ಮೈಸೂರು ಸೀಮೆಯದೇ ಒಂದು ಋಣ ಅದು. ಅವಳಿಗೆ ಗೊತ್ತಿತ್ತು, ಅದಕ್ಕೇ ಮೊದಲು ಮಹಾರಾಜರ ಹೆಸರೆತ್ತಿದಳು.

ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ಯಾರೂ ಕೇಳದ್ದನ್ನು ಕಲಿತು ಏನು ಮಾಡುವುದು ಎಂದು ಅವರು ಸಿಟ್ಟಿನಿಂದ ಅಂದಿರಲಾರರು, ಮಗಳಿಗಾದ ನೋವು ನೋಡಲಾರದೆ ಅಂದಿದ್ದಾರೆ. ಆದರೆ ಪಿಯಾನೊ ಮಾರುವ ಮಾತು ಮತ್ತೊಮ್ಮೆ ಅವಳ ಕಿವಿಗೆ ಬೀಳಬಾರದು. ಮಾರಬೇಕೋ ಬೇಡವೋ ಎಂಬುದನ್ನು ಅವಳೇ, ನೋವು ಆರಿದ ಮೇಲೆ, ತೀರ್ಮಾನಿಸಲಿ. ಮೆಟ್ನರ್ ಸತ್ತ ಮೇಲೆ ಎಷ್ಟೋ ವರ್ಷ ಅವರ ಕೃತಿಗಳು ಮೂಲೆಯಲ್ಲಿದ್ದವು. ಎಮಿಲ್ ಗಿಲೆಲ್ಸ್‌ರಂಥ ಮಹಾ ವಾದಕರು ಇದೇ ನೆನಪಿನ ಸೊನಾಟವನ್ನು ತಮ್ಮ ಕಛೇರಿಗಳಿಗೆ ಒಯ್ದರು. ಹ್ಯಾಮಿಶ್ ಮಿಲ್ನ್, ಜೆಫ್ರಿ ಟೋಜರ್, ಮಾರ್ಕ್-ಆಂಡ್ರೆ ಹ್ಯಾಮೆಲಿನ್ ಮುಂತಾದವರು ರೆಕಾರ್ಡ್ ಮಾಡಿದರು. ಈಗ ಹೊಳೆನರಸೀಪುರದಲ್ಲಿ ಒಬ್ಬ ಹುಡುಗಿ ನುಡಿಸುತ್ತಾಳೆ ಎಂದರೆ ಅದು ಹೀಗೆ ಕೈಯಿಂದ ಕೈಗೆ ಬಂದದ್ದು.

ನನ್ನದೇ ಒಂದು ವಿಷಯ ಹೇಳಲೇ? ನಾನು ಹಾಸನದಲ್ಲಿ ಬೆಳೆದವಳು, ಚಿಕ್ಕಂದಿನಲ್ಲಿ ವೀಣೆ ಪಾಠ. ಮದುವೆಯಾದದ್ದು ಧಾರವಾಡದ ಕಡೆಯವರನ್ನು. ಅವರಿಗೆ ಮಲ್ಲಿಕಾರ್ಜುನ ಮನ್ಸೂರ್ ಎಂದರೆ ದೇವರು. ಮನೆ ತುಂಬ ಕ್ಯಾಸೆಟ್. ಮನ್ಸೂರರು ಯಾರೂ ಹಾಡದ ಅಪರೂಪದ ರಾಗಗಳಿಗೇ ಹೆಸರಾದವರು: ಶಿವಮತ ಭೈರವ್, ಸಂಪೂರ್ಣ ಮಾಲಕಂಸ್, ಹೀಗೆ. ನನಗೆ ಒಂದೂ ಹಿಡಿಯುತ್ತಿರಲಿಲ್ಲ. ನನ್ನ ಹಿಂದೋಳದಲ್ಲಿ ರಿಷಭವೂ ಇಲ್ಲ, ಪಂಚಮವೂ ಇಲ್ಲ. ಹಿಂದೂಸ್ತಾನಿಯ ಮಾಲಕಂಸ್ ಅದೇ ರಾಗ, ಅದಕ್ಕೆ ಮನ್ಸೂರರು ಅವನ್ನೆಲ್ಲ ತಂದು ಸೇರಿಸಿದ್ದು ಕೇಳಿದರೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು. ಎರಡು ವರ್ಷ ಚೆನ್ನಾಗಿದೆ, ಚೆನ್ನಾಗಿದೆ ಎಂದು ತಲೆ ಆಡಿಸಿದೆ. ಒಂದು ರಾತ್ರಿ ಸಾಕಾಗಿ, "ನನಗೆ ಇದು ಹತ್ತುತ್ತಿಲ್ಲ, ನಿಮಗೆ ಇದರಲ್ಲಿ ಏನು ಕೇಳಿಸುತ್ತದೆ ತೋರಿಸಿ" ಎಂದೆ. ಅವರು ಬೇಜಾರಾಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು. ಟೇಪನ್ನು ಹಿಂದಕ್ಕೆ ಸುತ್ತಿ ಸುತ್ತಿ ಒಂದೇ ಜಾಗವನ್ನು ಹತ್ತು ಸಲ ಹಾಕಿದರು. ಇಲ್ಲಿ ನೋಡು, ಈ ಪಂಚಮವನ್ನು ಎಷ್ಟು ಹೊತ್ತು ಮುಚ್ಚಿಟ್ಟುಕೊಂಡು ಬಂದು ಇಲ್ಲಿ ತೋರಿಸಿದರು ಎಂದರು. ಆಮೇಲೂ ನನಗೆ ಎಲ್ಲವೂ ಹಿಡಿಸಿತು ಎಂದಲ್ಲ. ಆದರೆ ಆ ಒಂದು ಪಂಚಮ ಬರುವಾಗ ಇಬ್ಬರೂ ಒಟ್ಟಿಗೆ ತಲೆಯೆತ್ತುವುದು ಶುರುವಾಯಿತು. ಅವರು ಹೋಗಿ ಆರು ವರ್ಷವಾಯಿತು. ಆ ಜಾಗ ಬಂದಾಗ ಈಗಲೂ ತಲೆಯೆತ್ತುತ್ತೇನೆ.

ಮನಸ್ಸಿನ ಈ ನಡೆಯನ್ನು ಮನಶ್ಶಾಸ್ತ್ರದವರು ಪರೀಕ್ಷೆ ಮಾಡಿ ನೋಡಿದ್ದಾರೆ. ರಾಬರ್ಟ್ ಝಾಯಂಟ್ಸ್ ಎಂಬ ಮನಶ್ಶಾಸ್ತ್ರಜ್ಞ 1968ರಲ್ಲಿ ಪ್ರಕಟಿಸಿದ ಕೆಲಸ ಪ್ರಸಿದ್ಧ. ಅರ್ಥ ತಿಳಿಯದ ಪದ, ಚಿಹ್ನೆ, ಕಂಡರಿಯದ ಮುಖಗಳನ್ನು ಜನರಿಗೆ ತೋರಿಸಿದರೆ, ಹೆಚ್ಚು ಸಲ ಕಂಡದ್ದೇ ಹೆಚ್ಚು ಇಷ್ಟವಾಗುತ್ತದೆ. ಸಂಗೀತದಲ್ಲೂ ಹೀಗೇ. ನಮಗೆ ಚಿಕ್ಕಂದಿನಿಂದ ಇಷ್ಟವಾದ ಕೃತಿಗಳನ್ನು ಇಷ್ಟವಾಗುವ ಮೊದಲೇ ನೂರು ಸಲ ಕೇಳಿರುತ್ತೇವೆ, ಅಡಿಗೆಮನೆಯಿಂದ, ರೇಡಿಯೊದಿಂದ, ಪಕ್ಕದ ಮನೆಯ ಪಾಠದಿಂದ. ಮೆಟ್ನರ್‌ಗೆ ಆ ನೂರು ಸಲ ನಿಮ್ಮ ನೆಂಟರಲ್ಲಿ ಯಾರೂ ಕೊಟ್ಟಿಲ್ಲ. ನೀವೂ ಕೊಟ್ಟಿಲ್ಲ. ಮಗಳು ಕೊಟ್ಟಿದ್ದಾಳೆ, ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದಷ್ಟು ಸಲ. ನಿಮ್ಮ ಮತ್ತು ಅವಳ ನಡುವಿನ ಅಂತರ ಇಷ್ಟೇ. ಬಲವಂತವಾಗಿ ಕೇಳಿಸಿದ್ದು ಮಾತ್ರ ಹತ್ತಿರ ಬರುವುದಿಲ್ಲ ಎಂಬುದು ನನ್ನ ಅನುಭವ, ಹಾಗಾಗಿ ನೆಂಟರನ್ನು ಮತ್ತೆ ಕೂರಿಸಿ ಕೇಳಿಸುವ ಹಟ ಈಗ ಬೇಡ.

ಎಲ್ಲರಿಗೂ ಇಷ್ಟವಾಗುವಂಥದ್ದು ನುಡಿಸು ಎನ್ನಲೇ ಎಂದಿದ್ದೀರಿ. ಎನ್ನಬೇಡಿ. ಅವಳಾಗಿಯೇ ಆ ಹುಡುಗನಿಗೆ ಒಂದು ಸಿನಿಮಾ ಹಾಡು ನುಡಿಸಿದರೆ ಅದರಲ್ಲಿ ಸೋಲೇನಿಲ್ಲ, ಅವನು ಪ್ರೀತಿಯಿಂದಲೇ ಕೇಳಿದ್ದು. ಆದರೆ ತಾಯಿಯ ಬಾಯಿಂದ ಆ ಮಾತು ಬಂದರೆ ಅದಕ್ಕೆ ಬೇರೆ ಅರ್ಥ ಬರುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಒಂದು ಭಾನುವಾರ ಬೆಳಿಗ್ಗೆ, ತಿಂಡಿಯಾದ ಮೇಲೆ, ಯಜಮಾನರು ಪೇಟೆಗೆ ಹೋದ ಹೊತ್ತಿನಲ್ಲಿ ಅವಳ ಹತ್ತಿರ ಕೂತುಕೊಳ್ಳಿ. ಕಾರಿನಲ್ಲಿ ಹೇಳಿದ್ದು ಸುಳ್ಳು ಎಂದು ಒಪ್ಪಿಕೊಳ್ಳಿ. ನನಗೆ ತಿಳಿಯಲಿಲ್ಲ, ದಾರಿ ತಪ್ಪಿದಂತಾಯಿತು ಎನ್ನಿ. ಅಳು ಬಂದರೆ ಬರಲಿ. ಪೂರ್ತಿ ನುಡಿಸು ಎಂದು ಕೇಳಬೇಡಿ. ಶುರುವಿನ ತುಣುಕು ಮಾತ್ರ ನುಡಿಸಿ ತೋರಿಸು ಎನ್ನಿ. ಒಂದು ನಿಮಿಷದಷ್ಟು ಸಾಕು. ಫ್ಯಾನ್ ಆರಿಸಿ. ಅವಳ ಎಡಗೈ ಪಕ್ಕ ಕೂತು, ಎಡಗೈ ಏನು ಮಾಡುತ್ತದೆ ಎಂಬುದನ್ನು ಮಾತ್ರ ನೋಡುತ್ತಾ ಕೇಳಿ, ಆಮೇಲೆ ಬಲಗೈ. ಅವತ್ತಿಗೆ ಅಷ್ಟೇ. ಅವಳು ಬೇಡ ಎಂದರೆ ಬೇಡ, ಮುಂದಿನ ಭಾನುವಾರ ಇದೆ. ನುಡಿಸುವ ಮನಸ್ಸಿಲ್ಲದಿದ್ದರೆ ಮೆಟ್ನರ್‌ರ ರೆಕಾರ್ಡನ್ನೇ ಇಬ್ಬರೂ ಕೇಳಬಹುದು, ಫೋನಿನಲ್ಲೇ ಸಿಗುತ್ತದೆ, ಇಯರ್‌ಫೋನಿನ ಒಂದು ಕಿವಿ ನಿಮಗೆ, ಒಂದು ಅವಳಿಗೆ. ಮುಂದೆ ಯಾವಾಗಲಾದರೂ ಮನೆಯವರಿಗೆ ನುಡಿಸುವ ಮನಸ್ಸಾದರೆ ಚಿಕ್ಕದರಿಂದ ಶುರುಮಾಡಲಿ. ಮೆಟ್ನರ್ ಪಿಯಾನೊಗೆಂದೇ ‘ಸ್ಕಾಜ್ಕಿ’ ಎಂಬ ಕಥೆಗಳನ್ನು ಬರೆದಿದ್ದಾರೆ, ಅಜ್ಜಿಕಥೆಯಂಥವು, ಹೆಚ್ಚಿನವು ಮೂರು ನಾಲ್ಕು ನಿಮಿಷದವು. ನುಡಿಸುವ ಮುಂಚೆ ಮಹಾರಾಜರ ಕಥೆಯನ್ನು ನೀವು ಹೇಳಿ. ನಲವತ್ತು ಮಕ್ಕಳ ಕ್ಲಾಸನ್ನು ಸುಮ್ಮನಾಗಿಸುವ ದನಿ ನಿಮ್ಮದು.

ಈಗ ನಿಮ್ಮ ತಂಗಿಯ ಮಾತು. ಆ ಸೊನಾಟ, ಮೆಟ್ನರ್ 1920ರ ಆಸುಪಾಸಿನಲ್ಲಿ ಬರೆದ ‘ಮರೆತ ಧಾಟಿಗಳು’ ಎಂಬ ಮಾಲೆಯ ಮೊದಲನೆಯದು. ಅದರ ಆರಂಭದಲ್ಲಿ ಒಂದು ಮೆಲ್ಲನೆಯ, ತನ್ನಷ್ಟಕ್ಕೆ ತಾನು ಸುತ್ತುವ ಧಾಟಿ ಬರುತ್ತದೆ. ಸಂಗೀತ ದೂರದೂರ ಹೋಗುತ್ತದೆ, ಷಡ್ಜ ಬದಲಾಗುತ್ತದೆ, ಕೋಲಾಹಲವಾಗುತ್ತದೆ, ನಡುವೆ ಒಮ್ಮೆ ಆ ಧಾಟಿ ಮರಳಿ ಬರುತ್ತದೆ, ಕೊನೆಯಲ್ಲಿ ಮತ್ತೊಮ್ಮೆ. ಪಲ್ಲವಿಗೆ ಹಿಂತಿರುಗಿದ ಹಾಗೆ ಎನ್ನಬಹುದು, ಪೂರ್ತಿ ಹಾಗಲ್ಲ. ಕೃತಿಗೆ ನೆನಪು ಎಂದು ಹೆಸರು ಬಂದಿರುವುದು ಈ ಮರಳುವಿಕೆಗೇ ಒಪ್ಪುವಂತಿದೆ. ನಿಮ್ಮ ತಂಗಿ, ಅಷ್ಟು ಗದ್ದಲದಲ್ಲಿ, ಒಂದೇ ಸಲ ಕೇಳಿ, ಸರಿಯಾಗಿ ಅದನ್ನೇ ಹಿಡಿದುಕೊಂಡು ಚನ್ನರಾಯಪಟ್ಟಣಕ್ಕೆ ಹೋದರು. ಒಂದು ವಾರ ಅದು ಅವರ ತಲೆಯೊಳಗೆ ಮರಳಿ ಮರಳಿ ಬಂತು. ಸಮಾಧಾನಕ್ಕೆ ಹೇಳುವವರು ಚೆನ್ನಾಗಿತ್ತು ಎನ್ನುತ್ತಾರೆ, ಅಕ್ಕಿ ಆರಿಸುವಾಗ ಬರುತ್ತದೆ ಎನ್ನುವುದಿಲ್ಲ. ಅಷ್ಟು ಒಳ್ಳೆಯ ಮಾತನ್ನು ನೀವು ಎರಡು ತಿಂಗಳಿಂದ ಸೆರಗಿನಲ್ಲಿ ಗಂಟು ಕಟ್ಟಿ ಇಟ್ಟುಕೊಂಡಿದ್ದೀರಿ. ಇವತ್ತು ರಾತ್ರಿಯೇ ಬಿಚ್ಚಿ ಕೊಡಿ. ಚಿಕ್ಕಮ್ಮ ಹೇಳಿದ ಮಾತನ್ನು ಒಂದಕ್ಷರ ಬಿಡದೆ ಹೇಳಿ.

ಇನ್ನು ದೊಡ್ಡಮಾವ. ಉಳಿದವರು ನಕ್ಕರು ಎಂದು ಬರೆದಿದ್ದೀರಿ. ಅವರು ನಕ್ಕರೆಂದು ಬರೆದಿಲ್ಲ. ಹದಿನೈದು ನಿಮಿಷ ಅಲುಗಾಡದೆ ಕೂತು, ತಿಳಿಯದ್ದನ್ನು ಹುಡುಗಿಯ ಹತ್ತಿರ ಕೇಳಿದ್ದಾರೆ. ಎಂಬತ್ತು ದಾಟಿದ ವಿದ್ವಾಂಸರು ಇಪ್ಪತ್ತೊಂದರ ಮೊಮ್ಮಗಳಿಗೆ ಅಷ್ಟು ಗೌರವ ಕೊಟ್ಟದ್ದು ಆ ನಗುವಿನಲ್ಲಿ ಮುಚ್ಚಿಹೋಯಿತು. ಅವರ ಪ್ರಶ್ನೆಗೆ ಉತ್ತರವೂ ಇದೆ. ಆ ಸೊನಾಟದ ಎ ಮೈನರ್ ಸ್ವರಗಳನ್ನು ನಮ್ಮ ಲೆಕ್ಕಕ್ಕೆ ತಂದರೆ ನಠಭೈರವಿ. ನಿಷಾದ ಏರಿದರೆ ಕೀರವಾಣಿ. ಅದರ ಜೊತೆ ಧೈವತವೂ ಏರಿದರೆ ಗೌರಿಮನೋಹರಿ. ಪಾಶ್ಚಾತ್ಯರ ಮೈನರ್ ಈ ಮೂರರ ನಡುವೆ ಓಡಾಡುತ್ತಾ ಇರುತ್ತದೆ, ನಡುನಡುವೆ ಷಡ್ಜವನ್ನೂ ಬದಲಿಸುತ್ತದೆ. ದೀಕ್ಷಿತರ, ಪಾಶ್ಚಾತ್ಯ ಧಾಟಿಯ ನೋಟುಸ್ವರಗಳನ್ನು ಮಕ್ಕಳಿಗೆ ಹೇಳಿಕೊಟ್ಟ ಮನೆತನದವರಿಗೆ ಇದು ಅರ್ಥವಾಗದ ಮಾತೇನಲ್ಲ. ದೊಡ್ಡತಾತನಿಗೆ ಫೋನ್ ಮಾಡಲು ಮಗಳಿಗೆ ಹೇಳಿ. ಬೆಳಿಗ್ಗೆ ಅವರು ತಂಬೂರಿ ಕೆಳಗಿಟ್ಟ ಮೇಲೆ, ಕಾಫಿಯ ಹೊತ್ತಿಗೆ ಮಾಡಲಿ. ಎರಡು ತಿಂಗಳ ಹಿಂದೆ ಕೇಳಿದ್ದರಲ್ಲ ತಾತ, ಅದಕ್ಕೆ ಈಗ ಹೇಳುತ್ತೇನೆ ಎಂದು ಶುರುಮಾಡಲಿ.